ಹಳದಿ ಚೌಕಟ್ಟು

"ಅಕ್ಕಾ, ನಿಲ್ಸು!" ಕ್ಯಾಬಿನ್ನಿನಲ್ಲಿ ಪಕ್ಕದಲ್ಲೇ ಪರದೆ ನೋಡುತ್ತಾ ಕೂತಿದ್ದ ತಂಗಿ ಕೂಗಿದಳು. ಕ್ರೇನ್ ನಡೆಸುತ್ತಿದ್ದ ಅಕ್ಕ ಗಕ್ಕನೆ ಲಿವರ್ ಎಳೆದಳು. ಹೊರಗೆ ನೇತಾಡುತ್ತಿದ್ದ ಉಕ್ಕಿನ ತೊಲೆ ತೂಗಾಡಿ ನಿಂತಿತು.

"ಯಾಕೇ? ಇನ್ನೂ ಜಾಗ ಇದೆ ಅಂತ ತೋರಿಸ್ತಿದೆಯಲ್ಲ!"

ಪರದೆಯಲ್ಲಿ ಕ್ಯಾಮೆರಾ ತೋರಿಸುವ ದೃಶ್ಯದ ಮೇಲೆ ಕಂಪ್ಯೂಟರ್ ತೊಲೆಯ ಮೂರು ಆಯಾಮದ ಚಿತ್ರ ಬಿಡಿಸಿ, ಅದು ತಗಲಬಹುದಾದಷ್ಟು ಜಾಗದ ಸುತ್ತ ಹಳದಿ ಚೌಕಟ್ಟು ಹಾಕಿತ್ತು. ಆದರೆ ತೊಲೆ ತಿರುಗಿದ್ದೇ ಅದರ ತುದಿ ಚೌಕಟ್ಟಿನಾಚೆ ಚಾಚಿಕೊಂಡಿತ್ತು. ಚೌಕಟ್ಟು ಹಾಕುವ ಆ ಲೆಕ್ಕವನ್ನು ಕಂಪ್ಯೂಟರಿಗೆ ಬರೆದವಳು ತಂಗಿಯೇ.

"ತೊಲೆಯ ಎರಡೇ ಮೂಲೆ ಹಿಡಿದು ಅಳೆದುಬಿಟ್ಟಿದೀನಿ. ಎಂಟು ಮೂಲೇನೂ ನೋಡ್ಬೇಕಿತ್ತು." ತಂಗಿ ಕೀಬೋರ್ಡ್ ಎಳೆದುಕೊಂಡು ಲೆಕ್ಕ ತಿದ್ದಿದಳು. ಚೌಕಟ್ಟು ಹಿಗ್ಗಿತು. ಅಟ್ಟಣಿಗೆಯ ಮೇಲೆ ಬೆನ್ನು ಹಾಕಿ ಕೂತಿದ್ದ ವೆಲ್ಡರ್ ಅದರೊಳಗೆ ಬಂದುಬಿಟ್ಟ.

ಅಕ್ಕನ ಮುಖ ಬಿಳಿಚಿತು. "ಈಗ ಸರಿಯಾಯ್ತಾ? ಈ ಲೆಕ್ಕ ನಂಬ್ಕೊಂಡು ಅವನ ಜಾಗದಲ್ಲಿ ನೀನು ಕೂತ್ಕೋತೀಯಾ?"

ತಂಗಿ ಪರದೆಯಲ್ಲಿ ವೆಲ್ಡರ್‌ನ ಮೇಲೆ ಬೆರಳಿಟ್ಟಳು.

"ಮೊದ್ಲು ಅವನಿಗೆ ಕೆಳಗಿಳಿಯೋಕೆ ಹೇಳು, ಅಕ್ಕಾ."