ಗ್ಯಾಸೋ ಸೌದೆಯೋ

ಹೆಣ್ಣು ನೋಡಲು ಬಂದ ನಾಗಭೂಷಣನನ್ನು, "ಇಬ್ಬರೂ ಸ್ವಲ್ಪ ಮಾತಾಡ್ಕೊಳ್ಳಿ" ಎಂದು ಹಿರಿಯರು ಹುಡುಗಿಯ ಜೊತೆ ಹಿತ್ತಿಲಿಗೆ ಕಳಿಸಿದರು. ಏನು ಮಾತಾಡುವುದೆಂದು ತೋಚದೆ ಅವನು ಸುತ್ತಮುತ್ತ ಕಣ್ಣಾಡಿಸಿದ. ಅಲ್ಲಿ ಸುತ್ತ ಇಟ್ಟಿಗೆ ಕಟ್ಟಿದ ಹೊಸ ಗುಂಡಿಯೊಂದು ಕಾಣಿಸಿತು.

"ಬೆಂಕಿ ಹಾಕಿ ಚಳಿ ಕಾಯಿಸೋಕೆ ಅಪ್ಪ ಕಟ್ಟಿಸ್ತಿದ್ದಾರೆ," ಎಂದಳು ಮೇದಿನಿ. "ಗ್ಯಾಸಿನದು ಹಾಕಿಸ್ತೀವಿ."

"ಅಯ್ಯೋ, ಸೌದೆಯದೇ ಇರಲಿ ಬಿಡಿ. ಚಟಪಟ ಅನ್ನದೇ ಇದ್ರೆ ಅದು ಬೆಂಕೀನೇ ಅಲ್ಲ."

"ಹೊಗೆಗೆ ಕಣ್ಣುರಿ ಬರೋದು ಯಾರಿಗೆ?"

"ಗ್ಯಾಸಲ್ಲಿ ಸುಟ್ಟ ಗೆಣಸು ಯಾರ್ರೀ ತಿಂತಾರೆ?"

"ನಾನು ತಿಂತೀನಿ! ಹಸಿ ಸೌದೆ ಊದ್ಕೊಂಡು ನೀನೇ ಕೂತಿರು!"

"ಸಿಲಿಂಡರ್ ಖಾಲಿಯಾದಾಗ ನೀನು ನಡುಗ್ತಾ ಕೂತಿರು!"

ಕೂಗಾಟ ಕೇಳಿ ಒಳಗಿದ್ದವರೆಲ್ಲ ಓಡಿ ಬಂದರು. ನಾಗಭೂಷಣನ ತಾಯಿ ಮುಖ ಸಣ್ಣದು ಮಾಡಿಕೊಂಡು ಹುಡುಗಿಯ ಅಪ್ಪನಿಗೆ ಕೈ ಮುಗಿದರು. "ಕ್ಷಮಿಸಿ, ಇವರಿಬ್ಬರಿಗೂ ಆಗಿಬರೋ ಹಾಗೆ ಕಾಣಲ್ಲ. ನಾವು ಹೊರಡ್ತೀವಿ."

ಬಾಯಿ ಮುಚ್ಚಿಕೊಂಡು ಇರಬಾರದಾಗಿತ್ತಾ ಎಂದು ನಾಗಭೂಷಣ ತನ್ನನ್ನೇ ಬೈದುಕೊಂಡ. ಹೊರಡಲು ಅವನಿಗೆ ಕಾಲೇ ಏಳಲಿಲ್ಲ.

ಮೇದಿನಿ ಸೊಂಟಕ್ಕೆ ಕೈಯಿಟ್ಟು ಬಾಗಿಲಿಗೆ ಅಡ್ಡ ನಿಂತಳು.

"ಹೊರಡೋದಾ? ಈ ಜಗಳ ಇನ್ನೂ ಮುಗಿದಿಲ್ಲ. ಮದುವೆಗೆ ದಿನ ನೋಡಿ, ಅತ್ತೆ."