ಕೋಚ್‌ನ ದನಿಯಲ್ಲಿ

ನೋವಿನ ಸ್ಪ್ರೇ ವಾಸನೆ ಬಂದರೆ ಈಗಲೂ ದೋಹಾದ ನಮ್ಮ ಶಾಲೆಯ ಮೈದಾನ ನೆನಪಾಗುತ್ತದೆ. ತಮ್ಮ ಸ್ಟೇಡಿಯಂ ರಿಪೇರಿಯಲ್ಲಿದ್ದುದರಿಂದ ದೊಡ್ಡ ಕ್ಲಬ್ಬೊಂದರ ಫುಟ್‌ಬಾಲ್ ಆಟಗಾರರು ಸಂಜೆ ಅಲ್ಲೇ ಅಭ್ಯಾಸ ಮಾಡುತ್ತಿದ್ದರು. ಒಂದು ಸಂಜೆ ನಮ್ಮ ಶಾಲಾ ಪಂದ್ಯಾವಳಿಯ ಫೈನಲ್ ಸಮಸಮವಾಗಿದ್ದಾಗಲೇ ಅವರ ಕೋಚ್ ತಂಡದೊಂದಿಗೆ ಒಳನುಗ್ಗಿ, “ಖಲಾಸ್! ಯಲ್ಲಾ, ಔಟ್!” ಎಂದು ಗುಡುಗಿದ, ಮುಗೀತು, ಬೇಗ ಹೊರಗೆ ನಡೀರಿ ಅಂತ.

“ಬನ್ನಿ ಮಕ್ಕಳೇ, ಅವರೊಟ್ಟಿಗೆ ಎಂಥ ಜಗಳ ಮಾರಾಯ್ರೆ,” ಎಂದರು ಉಡುಪಿಯ ನಮ್ಮ ಪಿ.ಟಿ. ಮಾಸ್ಟ್ರು.

ನಾನು ಗೋಲ್‌ಕೀಪರ್, ಚೆಂಡು ಬಂದರೆ ಕಣ್ಣು ಮುಚ್ಚುವವನು. ಆದರೆ ಅಣಕಿಸುವುದರಲ್ಲಿ ಯಾರನ್ನೂ ಬಿಟ್ಟವನಲ್ಲ. ಹೊಟ್ಟೆ ಮುಂದೆ ಮಾಡಿ, ಕೋಚ್‌ನ ದನಿಯಲ್ಲೇ ಕೂಗಿದೆ: “ಖಲಾಸ್! ಯಲ್ಲಾ, ಔಟ್!”

ಬೆನ್ನು ಹಾಕಿ ಮಂಡಿಗೆ ಸ್ಪ್ರೇ ಹೊಡೆದುಕೊಳ್ಳುತ್ತಿದ್ದ ಅವರ ಆಟಗಾರರೆಲ್ಲ ತೆಪ್ಪಗೆ ಗೆರೆ ದಾಟಿ ಹೊರನಡೆದರು.

“ಹೂ ಈಸ್ ದಟ್?” ಕೋಚ್ ಅರಚಿದ.

“ಮೈ ಬಾಯ್, ಸರ್. ಟೆನ್ ಮಿನಿಟ್ಸ್ ಮೋರ್,” ಎಂದ ಮಾಸ್ಟ್ರು, “ಆಡಿ ಮಕ್ಕಳೇ!” ಎಂದು ಸೀಟಿ ಊದಿಯೇ ಬಿಟ್ಟರು.