ಇನ್ನೂ ಜೋರಾಗಿ ಕೂಗು

ಕಾಡುಹುಂಜದ ಹಾಗೆ ಕೂಗುವುದನ್ನು ನನಗೆ ಕಲಿಸಿದ್ದು ಚೆಲುವಣ್ಣನೇ. ತನ್ನ ಜಾಗದಲ್ಲಿ ಇನ್ನೊಂದು ಹುಂಜ ಕೂಗಿದರೆ ಅದು ಸಹಿಸುವುದಿಲ್ಲ, ಜಗಳಕ್ಕೆ ಓಡಿ ಬರುತ್ತದೆ.

ಅವತ್ತು ಬೆಳಗ್ಗೆ ಆಷಾಢದ ಗಾಳಿ ಬಿದಿರುಮೆಳೆಗಳನ್ನು ನೆಲಕ್ಕೆ ಬಗ್ಗಿಸುತ್ತಿತ್ತು.

“ಇವತ್ತು ಬೇಡ ಕಣಣ್ಣ. ನಾನು ಕೂಗಿದ್ರೂ ಕೋಳಿಗೆ ಕೇಳಲ್ಲ” ಅಂದೆ.

“ಹಳ್ಳದಲ್ಲಿ ಗಾಳಿ ಕಮ್ಮಿ, ಅಲ್ಲಿ ಕೂತ್ಕೊ. ಇನ್ನೂ ಜೋರಾಗಿ ಕೂಗು, ನಿಲ್ಲಿಸ್ಬೇಡ. ನಾನು ಮೇಲಿಂದ ಓಡಿಸ್ಕೊಂಡು ಬರ್ತೀನಿ.”

ಯಾರಿಗೂ ಮುಟ್ಟಲು ಬಿಡದ ತನ್ನ ಕೋವಿಯನ್ನು ನನ್ನ ಕೈಗೆ ಕೊಟ್ಟು ಹೋದ.

ಗಂಟಲು ಹರಿಯುವಷ್ಟು ಕೂಗಿದೆ. ಕೊನೆಗೆ ಪೊದೆ ಅಲುಗಿತು. ಹೊರಗೆ ಬಂದವರು ಇಬ್ಬರು ಫಾರೆಸ್ಟ್ ಗಾರ್ಡುಗಳು.

“ಯಾರದೋ ಕೋವಿ? ಜೊತೇಲಿ ಯಾರಿದ್ದಾರೆ?”

ಚೆಲುವಣ್ಣನ ಮನೆಯಲ್ಲಿ ಮಗಳು ಹಸಿ ಬಾಣಂತಿ.

“ಯಾರೂ ಇಲ್ಲ ಸಾರ್. ಕೋವಿ ನಂದೇ.”

ಹಿರಿಯ ಗಾರ್ಡು ಕೋವಿಯನ್ನು ನನ್ನ ಕೈಯಿಂದ ತೆಗೆದುಕೊಂಡ.

“ಪಾಪ ಕಣಯ್ಯ ನೀನು. ಈ ಗಾಳೀಲಿ ನಿನ್ನನ್ನ ಎಲ್ಲಿ ಅಂತ ಹುಡುಕೋದು ಅಂತ ನಾವು ನಿನ್ನೆ ಕೇಳಿದ್ರೆ, ‘ಜೋರಾಗಿ ಕೂಗಿಸ್ತೀನಿ, ಕೂಗು ಕೇಳಿದ ಕಡೆ ಬನ್ನಿ’ ಅಂದ ನಿಮ್ಮ ಚೆಲುವಣ್ಣ.”